ಚಳಿಗಾಲದ ಕೆಮ್ಮಿಗೆ ಜುಲೈಯಲ್ಲಿ ಮದ್ದು: ಇದು ಚಿಕಿತ್ಸೆನಾ, ಸಾಗಹಾಕೋದಾ?

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಗಂಡನ ಕೆಲಸದ ಕಾರಣ ನಾಲ್ಕು ವರ್ಷದಿಂದ ಚೀನಾದ ಸೂಜೋ ಊರಿನಲ್ಲಿದ್ದೇವೆ. ಮೂರು ಚಳಿಗಾಲದಿಂದ ಒಂದೇ ಗೋಳು. ನವೆಂಬರ್ ಬಂತೆಂದರೆ ಕೆಮ್ಮು ಶುರು, ಮಾರ್ಚ್‌ವರೆಗೆ ಬಿಡುವುದಿಲ್ಲ. ರಾತ್ರಿ ಹೊತ್ತು ಜಾಸ್ತಿ. ಇಲ್ಲಿನ ಆಸ್ಪತ್ರೆಯಲ್ಲಿ ಅಲರ್ಜಿ, ಜೊತೆಗೆ ಸ್ವಲ್ಪ ಅಸ್ತಮಾ ಇದೆ ಎಂದು ಇನ್ಹೇಲರ್ ಕೊಟ್ಟರು. ಕೆಮ್ಮು ಕಡಿಮೆ ಆದ ಕೂಡಲೇ ನಾನು ಅದನ್ನು ಬಿಟ್ಟುಬಿಡುತ್ತೇನೆ. ಹೋದ ವಾರ ಪಕ್ಕದ ಮನೆಯವರು ಒಬ್ಬ ಚೀನೀ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆ ಅಜ್ಜ ನಾಡಿ ಹಿಡಿದು, ನಾಲಿಗೆ ನೋಡಿ, ಎರಡು ವಾರಕ್ಕೆ ಕಷಾಯ ಕೊಟ್ಟು, ‘ನಿಜವಾದ ಚಿಕಿತ್ಸೆ ಜುಲೈಯಲ್ಲಿ, ಆಗ ಬಾ’ ಎಂದರು. ಈಗ ಡಿಸೆಂಬರ್! ನನಗೆ ಮೊದಲೇ ತಾಳ್ಮೆ ಕಡಿಮೆ. ಏಳು ತಿಂಗಳು ಕಾಯುವುದನ್ನೂ ಚಿಕಿತ್ಸೆ ಅಂತಾರಾ?

ಉತ್ತರ: ಆ ಅಜ್ಜ ನಿಮ್ಮನ್ನು ಸಾಗಹಾಕಿಲ್ಲ. ಅವರ ವೈದ್ಯದಲ್ಲಿ ಜುಲೈಗೆ ನಿಜವಾಗಿಯೂ ಒಂದು ಲೆಕ್ಕ ಇದೆ. ಆದರೆ ನಿಮ್ಮ ಕೆಮ್ಮಿನಲ್ಲಿ ಕಾಯಬಹುದಾದ ಕೆಲಸ ಒಂದಿದೆ, ಒಂದು ದಿನವೂ ಕಾಯಬಾರದ ಕೆಲಸ ಇನ್ನೊಂದಿದೆ. ಎರಡನೆಯದನ್ನು ಮೊದಲು ಮುಗಿಸಿಬಿಡೋಣ.

ಇನ್ಹೇಲರ್. ಅಸ್ತಮಾಗೆ ದಿನಾ ಎಳೆದುಕೊಳ್ಳಲು ಕೊಡುವ ಸ್ಟೀರಾಯ್ಡ್ ಇನ್ಹೇಲರ್ ತಲೆನೋವಿನ ಮಾತ್ರೆಯ ಥರ ಅಲ್ಲ. ಶ್ವಾಸನಾಳದ ಒಳಗಿನ ಊತವನ್ನು ಅದು ದಿನಾ ಸ್ವಲ್ಪ ಸ್ವಲ್ಪವೇ ಇಳಿಸುತ್ತದೆ. ಕೆಮ್ಮು ನಿಂತ ದಿನ ಊತ ಹೋಗಿರುವುದಿಲ್ಲ, ಅರ್ಧ ಇಳಿದಿರುತ್ತದೆ ಅಷ್ಟೆ. ಅಲ್ಲಿಗೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ನೀವು ಬರೆದದ್ದು ನೋಡಿದರೆ ಮೂರು ವರ್ಷದಿಂದ ಆಗುತ್ತಿರುವುದು ಇದೇ. ನಿಮ್ಮ ಹತ್ತಿರ ಇರುವುದು ದಿನಾ ತೆಗೆದುಕೊಳ್ಳುವುದಾ, ಕಷ್ಟವಾದಾಗ ಮಾತ್ರವಾ ಎಂದು ಕೊಟ್ಟ ಡಾಕ್ಟರನ್ನೇ ಕೇಳಿ, ಅವರು ಹೇಳಿದ ಹಾಗೆ ತೆಗೆದುಕೊಳ್ಳಿ. ಯಾವ ಕಷಾಯ ಶುರು ಮಾಡಿದರೂ ಅದನ್ನು ನಿಲ್ಲಿಸಬೇಡಿ. ಎದೆಯ ಎಕ್ಸ್‌ರೇ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅಂತ ನಮ್ಮೂರ ಆಸ್ಪತ್ರೆ ಗೋಡೆ ಮೇಲೆ ಓದಿರುತ್ತೀರಿ, ಅದು ಸೂಜೋದಲ್ಲೂ ಅಷ್ಟೇ ನಿಜ. ಬಿಪಿ ಮಾತ್ರೆ ತಗೋತಾ ಇದ್ದರೆ ಅದನ್ನೂ ಹೇಳಿ. ಕೆಲವು ಬಿಪಿ ಮಾತ್ರೆಗಳಿಂದಲೇ ಒಣಕೆಮ್ಮು ಬರುತ್ತದೆ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯುವುದು, ಒಂದು ಮಾತು ಮುಗಿಸಲೂ ಉಸಿರು ಸಾಲದೆ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಋತು, ನಾಡಿ, ಅಜ್ಜ ಎಲ್ಲ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ.

ಈಗ ಜುಲೈ ವಿಷಯಕ್ಕೆ ಬರೋಣ.

ನಾನು ಪ್ರಕೃತಿ ಚಿಕಿತ್ಸೆ ಓದಿದವಳು. ಆಮೇಲೆ ಸೂಜಿ ಚಿಕಿತ್ಸೆ ಕಲಿಯಲು ಒಂದೂವರೆ ವರ್ಷ ನಾನ್‌ಜಿಂಗ್‌ನಲ್ಲಿದ್ದೆ. ಅಲ್ಲಿ ಬೇಸಿಗೆ ಎಂದರೆ ಒಲೆ ಒಳಗೆ ಕೂತ ಹಾಗೆ. ಅಂಥ ಬಿಸಿಲಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಗೇಟಿನ ಆಚೆವರೆಗೂ ಸಾಲು. ಅಜ್ಜಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಯಾರೂ ಕೆಮ್ಮುತ್ತಿಲ್ಲ, ಯಾರಿಗೂ ಕಾಯಿಲೆ ಇದ್ದಂತೆ ಕಾಣಲಿಲ್ಲ. ಏನಿದು ಎಂದು ಕೇಳಿದೆ. ‘ಚಳಿಗಾಲದ ಕಾಯಿಲೆಗೆ ಮದ್ದು ಹಾಕಿಸಿಕೊಳ್ಳೋಕೆ ಬಂದಿದ್ದಾರೆ’ ಅಂದರು.

ಇದು ಸಾನ್‌ಫೂ ಪಟ್ಟು. ವರ್ಷದ ಅತಿ ಸೆಕೆಯ ದಿನಗಳನ್ನು ಅವರು ಮೂರು ‘ಫೂ’ ಎಂದು ಎಣಿಸುತ್ತಾರೆ. ಜುಲೈ ನಡುವಿನಿಂದ ಆಗಸ್ಟ್‌ವರೆಗೆ, ಒಂದು ವರ್ಷ 30 ದಿನ, ಇನ್ನೊಂದು ವರ್ಷ 40 ದಿನ. ಫೂ ಎಂದರೆ ಅಡಗಿ ಕೂರುವುದು. ಬಿಳಿ ಸಾಸಿವೆ ಮತ್ತು ಬೇರೆ ಕೆಲವು ಮದ್ದುಗಳನ್ನು ಪುಡಿ ಮಾಡಿ, ಹಸಿಶುಂಠಿ ರಸದಲ್ಲಿ ಕಲಸಿ, ಚಿಕ್ಕ ಬಿಲ್ಲೆ ಮಾಡಿ ಬೆನ್ನಿನ ಗೊತ್ತಾದ ಜಾಗಗಳಿಗೆ ಅಂಟಿಸುತ್ತಾರೆ. ಸುಮಾರು ಹತ್ತು ದಿನಕ್ಕೊಮ್ಮೆ, ಮೂರು ಸಲ. ಹೀಗೆ ಸಾಲಾಗಿ ಮೂರು ಬೇಸಿಗೆ. ಸಾಸಿವೆ ಅರೆದು ಪಟ್ಟು ಹಾಕುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು ಅಲ್ವಾ? ಆದರೆ ನೋವು ಬಂದ ಮೇಲೆ ಹಾಕುತ್ತಿದ್ದರು. ಇವರು ಆರು ತಿಂಗಳು ಮೊದಲೇ ಹಾಕುತ್ತಾರೆ. ಹೊರಗೆ ಬಿಸಿ ತುಂಬಿರುವಾಗ ಮೈಯ ರಂಧ್ರಗಳು ತೆರೆದಿರುತ್ತವೆ, ಒಳಗೆ ಮನೆ ಮಾಡಿದ ಶೀತವನ್ನು ಆಗಲೇ ಓಡಿಸುವುದು ಸುಲಭ ಎಂಬುದು ಅವರ ವಾದ. ಅಸ್ತಮಾಗೆ ಈ ಪಟ್ಟನ್ನು ಹಾಕುವ ಕ್ರಮವನ್ನು 1695ರಲ್ಲಿ ಬರೆದಿಟ್ಟವರಲ್ಲಿ ಜಾಂಗ್ ಲೂ ಎಂಬ ವೈದ್ಯರು ಮುಖ್ಯರು. ಅವರು ನಿಮ್ಮ ಸೂಜೋದವರೇ.

ಇದರಿಂದ ಗುಣ ಆಗುತ್ತಾ? ಚೀನಾದಲ್ಲಿ ಇದರ ಮೇಲೆ ಬೇಕಾದಷ್ಟು ಅಧ್ಯಯನಗಳಾಗಿವೆ. ಬಹಳಷ್ಟು ಒಳ್ಳೆಯ ಫಲವನ್ನೇ ಹೇಳುತ್ತವೆ, ಆದರೆ ಅವುಗಳಲ್ಲಿ ಗಟ್ಟಿಯಾದವು ಕಡಿಮೆ. ಒಂದು ತಮಾಷೆಯ ತೊಡಕೂ ಇದೆ. ಹೋಲಿಸಿ ನೋಡಲು ಸುಳ್ಳು ಪಟ್ಟು ಹಾಕಿದರೆ ರೋಗಿಗೆ ತಕ್ಷಣ ಗೊತ್ತಾಗಿಬಿಡುತ್ತದೆ, ಅದು ಉರಿಯುವುದಿಲ್ಲವಲ್ಲ! ನನ್ನ ಅಭಿಪ್ರಾಯ ಕೇಳಿದರೆ, ಇನ್ಹೇಲರ್ ಜೊತೆಗೆ ಹಾಕಿಸಿಕೊಳ್ಳಿ, ಇನ್ಹೇಲರ್ ಬದಲಿಗೆ ಬೇಡ. ಗರ್ಭಿಣಿಯರು, ಜ್ವರ ಇರುವವರು, ಚರ್ಮದ ಅಲರ್ಜಿ ಇರುವವರು ಹಾಕಿಸಿಕೊಳ್ಳಬಾರದು.

ನಾನೂ ಹಾಕಿಸಿಕೊಂಡೆ. ನಾಲ್ಕು ಗಂಟೆ ಆದ ಮೇಲೆ ತೆಗೆ ಅಂದಿದ್ದರು. ಉರಿ ಹಿತವಾಗಿತ್ತು. ನಾಲ್ಕು ಗಂಟೆಗೆ ಇಷ್ಟು ಗುಣ ಆದರೆ ಎಂಟು ಗಂಟೆಗೆ ಎರಡರಷ್ಟು ಎಂದು ನಮ್ಮೂರ ಲೆಕ್ಕ ಹಾಕಿ, ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಬೆನ್ನ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ದಪ್ಪದ ಎರಡು ಬೊಬ್ಬೆ. ಹದಿನೈದು ದಿನ ಅಂಗಾತ ಮಲಗಲು ಆಗಲಿಲ್ಲ. ನಮ್ಮ ಗುರುಗಳು ಬೈಯಲಿಲ್ಲ. ಚೀನಾದ ಪ್ರತಿ ಮಗುವಿಗೂ ಗೊತ್ತಿರುವ ಕತೆಯೊಂದನ್ನು ಹೇಳಿದರು. ಸೋಂಗ್ ನಾಡಿನ ಒಬ್ಬ ರೈತನಿಗೆ ಪೈರು ಬೆಳೆಯುವುದು ತಡವಾಯಿತು ಅನಿಸಿತಂತೆ. ಗದ್ದೆಗೆ ಇಳಿದು ಒಂದೊಂದೇ ಸಸಿಯನ್ನು ಬೆರಳಷ್ಟು ಮೇಲಕ್ಕೆ ಎಳೆದ. ಸಂಜೆ ಮನೆಗೆ ಬಂದು, ‘ಇವತ್ತು ಸುಸ್ತಾಗಿ ಹೋಯ್ತು, ಪೈರಿಗೆ ಬೆಳೆಯೋಕೆ ಸಹಾಯ ಮಾಡಿ ಬಂದೆ’ ಅಂದ. ಮಗ ಓಡಿ ಹೋಗಿ ನೋಡಿದರೆ ಎಲ್ಲ ಒಣಗಿ ಮಲಗಿತ್ತು. ಕತೆ ಮುಗಿಸಿ ಗುರುಗಳು ನನ್ನ ಬೆನ್ನಿಗೆ ಮುಲಾಮು ಹಚ್ಚಿಸಿದರು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಕೆಮ್ಮಿಗಿಂತ ‘ತಾಳ್ಮೆ ಕಡಿಮೆ’ ಎಂಬ ಮಾತು. ಚೀನೀ ಭಾಷೆಯಲ್ಲಿ ಒಂದು ಗಾದೆ ಇದೆ: ರೋಗ ಬರುವಾಗ ಬೆಟ್ಟ ಉರುಳಿದ ಹಾಗೆ, ಹೋಗುವಾಗ ರೇಷ್ಮೆ ಎಳೆ ಎಳೆದ ಹಾಗೆ. ಸೂಜೋ ರೇಷ್ಮೆಯ ಊರು, ಪಕ್ಕದ ಮನೆಯವರ ಬಾಯಲ್ಲಿ ಕೇಳಿರಬಹುದು. ನಾನು ಮೊದಲ ಸಲ ಕೇಳಿದಾಗ ನಕ್ಕುಬಿಟ್ಟೆ. ನಾನು ಶಿಡ್ಲಘಟ್ಟದವಳು! ನಮ್ಮ ಮನೆಯಲ್ಲಿ ಅಮ್ಮ ನೂಲು ಬಿಚ್ಚುತ್ತಿದ್ದರು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡಿನ ಎಳೆಗಳನ್ನು ಸೇರಿಸಿ ಒಂದು ನೂಲು ಮಾಡಬೇಕು. ಒಳ್ಳೆಯ ಗೂಡಾದರೆ ಒಂದರಲ್ಲೇ ಕಿಲೋಮೀಟರಿಗೂ ಜಾಸ್ತಿ ಎಳೆ ಇರುತ್ತದೆ. ಗೂಡು ಬೇಯದಿದ್ದರೆ ಎಳೆ ಕಡಿಯುತ್ತದೆ, ಜಾಸ್ತಿ ಬೆಂದರೆ ಗಂಟುಗಂಟಾಗಿ ಬರುತ್ತದೆ. ಅಮ್ಮನ ಬೆರಳ ತುದಿಗಳು ಸದಾ ಬೆಳ್ಳಗೆ ನೆನೆದಿರುತ್ತಿದ್ದವು. ಎಳೆ ಕಡಿದರೆ ಅವರು ಸಿಡುಕಿದ್ದು ನಾನು ನೋಡಿಲ್ಲ. ತುದಿ ಹುಡುಕುತ್ತಿದ್ದರು, ಸೇರಿಸುತ್ತಿದ್ದರು. ಅಮ್ಮ ಬಹಳ ತಾಳ್ಮೆಯವರು ಎಂದು ಊರವರು ಹೇಳುತ್ತಿದ್ದರು. ಮನೆಯಲ್ಲಿ ಅಪ್ಪನ ಮೇಲೆ ರೇಗುವಾಗ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ ಕಾಣೆ! ಕೈಗೆ ಒಂದು ಕೆಲಸ ಇದ್ದಾಗ ಅವರಿಗೆ ತಾಳ್ಮೆ ಇರುತ್ತಿತ್ತು. ಸುಮ್ನೆ ಕೂತಾಗ ನನಗೂ ಇಲ್ಲ, ನಿಮಗೂ ಇಲ್ಲ, ಯಾರಿಗೂ ಇಲ್ಲ.

ಹುಳು ಸಾಕುವ ನಮ್ಮ ಮಾವನ ಮನೆಯಲ್ಲಿ ಇನ್ನೊಂದು ನೋಡಿದ್ದೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರ’ ಅಂತಲೇ ಹೇಳುವುದು, ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸುಮಾರು ಒಂದು ದಿನ ಏನೂ ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ, ತಟ್ಟೆ ಅಲುಗಿಸದೆ ಬಿಡಬೇಕು. ಪಾಪ ಹಸಿದಿದೆ ಎಂದು ನಾನೊಮ್ಮೆ ಕದ್ದು ಸೊಪ್ಪು ಹಾಕಿ ಏಟು ತಿಂದಿದ್ದೇನೆ. ಚೀನೀ ವೈದ್ಯರು ಚಳಿಗಾಲದ ಬಗ್ಗೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ತಟ್ಟೆ ಕಣ್ಣಿಗೆ ಬರುತ್ತದೆ.

ಅವರ ಹಳೆಯ ವೈದ್ಯಗ್ರಂಥ ‘ಹುವಾಂಗ್‌ದಿ ನೇಜಿಂಗ್’ನಲ್ಲಿ ನಾಲ್ಕು ಋತುಗಳ ಬಗ್ಗೆ ಒಂದು ಅಧ್ಯಾಯ ಇದೆ. ವಸಂತದಲ್ಲಿ ಬೇಗ ಏಳು, ಅಂಗಳದಲ್ಲಿ ನಡೆದಾಡು, ಕೂದಲು ಬಿಚ್ಚಿಬಿಡು ಎನ್ನುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಬೇಸರ ಪಡಬೇಡ. ಶರತ್ಕಾಲದಲ್ಲಿ ಬೇಗ ಮಲಗು, ಕೋಳಿ ಜೊತೆ ಏಳು. ಚಳಿಗಾಲದಲ್ಲಿ ಮಾತ್ರ ಬೇಗ ಮಲಗಿ ತಡವಾಗಿ ಏಳು, ಸೂರ್ಯನ ಬೆಳಕು ಬರುವವರೆಗೆ ಕಾಯಿ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂದು ಕೇಳಿ ಬೆಳೆದ ನಮಗೆ ಇದು ಸೋಮಾರಿಗಳ ಶಾಸ್ತ್ರದ ಹಾಗೆ ಕಾಣುತ್ತದೆ. ಆದರೆ ರಾತ್ರಿ ಕೆಮ್ಮಿ ನಿದ್ದೆಗೆಟ್ಟವರು ಬೆಳಗಿನ ಜಾವದ ಕೊರೆಯುವ ಗಾಳಿಯಲ್ಲಿ ವಾಕಿಂಗ್ ಹೋಗುವುದಕ್ಕಿಂತ ಇದೇ ವಾಸಿ. ತಣ್ಣನೆಯ ಒಣ ಗಾಳಿ ಶ್ವಾಸನಾಳವನ್ನು ಕೆರಳಿಸುತ್ತದೆ ಎಂದು ಯಾವ ಎದೆ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಅದೇ ಅಧ್ಯಾಯದ ಕೊನೆಗೆ ಇನ್ನೊಂದು ಮಾತಿದೆ: ರೋಗ ಬಂದ ಮೇಲೆ ಮದ್ದು ಮಾಡುವುದೆಂದರೆ ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ. ಇದು ನಮ್ಮದೇ ಗಾದೆ ಅಂದುಕೊಂಡಿದ್ದೆ!

ಹಾಗಾದರೆ ಈ ಏಳು ತಿಂಗಳು ಏನು ಮಾಡಬೇಕು? ಕೈಗೆ ಒಂದು ಕೆಲಸ ಕೊಡುತ್ತೇನೆ. ಚೀನಾದಲ್ಲಿ ಡಿಸೆಂಬರ್ 21 ಅಥವಾ 22ರ ದೋಂಗ್‌ಜಿ, ಅಂದರೆ ವರ್ಷದ ಅತಿ ಚಿಕ್ಕ ಹಗಲಿನ ದಿನದಿಂದ ಚಳಿಯನ್ನು ಎಣಿಸುತ್ತಾರೆ. ಒಂಬತ್ತು ದಿನದ ಒಂಬತ್ತು ಕಂತು, ಒಟ್ಟು 81 ದಿನ. ಸೂಜೋದಲ್ಲಿ ದೋಂಗ್‌ಜಿ ಎಂದರೆ ಹೊಸ ವರ್ಷದಷ್ಟೇ ದೊಡ್ಡದು. ಆ ದಿನಗಳ ಆಸುಪಾಸಿನಲ್ಲಿ ಮಾತ್ರ ಸಿಗುವ, ಓಸ್ಮಾಂಥಸ್ ಹೂವಿನ ಘಮದ ಅಕ್ಕಿ ಮದ್ಯಕ್ಕೆ ಜನ ಸಾಲು ನಿಲ್ಲುವುದನ್ನು ನೀವು ನೋಡೇ ಇರುತ್ತೀರಿ. ಆ ದಿನ ಹಾಳೆಯ ಮೇಲೆ ಎಲೆಯಿಲ್ಲದ ಒಂದು ಪ್ಲಮ್ ಕೊಂಬೆ ಬರೆಯುತ್ತಾರೆ. ಅದರಲ್ಲಿ ಒಂಬತ್ತು ಹೂ, ಹೂವಿಗೆ ಒಂಬತ್ತು ಎಸಳು. ಬಣ್ಣ ಇಲ್ಲ, ಬರೀ ಗೆರೆ. ದಿನಕ್ಕೆ ಒಂದೇ ಎಸಳಿಗೆ ಬಣ್ಣ ತುಂಬಬೇಕು. ಕೊನೆಯ ಎಸಳು ಕೆಂಪಾಗುವ ಹೊತ್ತಿಗೆ ಮಾರ್ಚ್ ಎರಡನೇ ವಾರ ಬಂದು, ಹೊರಗೆ ನಿಜವಾದ ಮರ ಹೂ ಬಿಟ್ಟಿರುತ್ತದೆ. ಮಿಂಗ್ ರಾಜರ ಕಾಲದ ಬೀಜಿಂಗ್‌ನಲ್ಲೇ ಈ ರೂಢಿ ಇತ್ತು. ಅವರ ನಂತರದ ಚಿಂಗ್ ರಾಜರ ಅರಮನೆಯಲ್ಲಿ ಹೂವಿನ ಬದಲು ಒಂಬತ್ತು ಅಕ್ಷರಗಳ ಒಂದು ವಾಕ್ಯ ಬರೆಯುತ್ತಿದ್ದರು. ಪ್ರತಿ ಅಕ್ಷರಕ್ಕೂ ಸರಿಯಾಗಿ ಒಂಬತ್ತು ಗೆರೆ, ದಿನಕ್ಕೆ ಒಂದೇ ಗೆರೆ. ಮಂಟಪದ ಮುಂದೆ ಜೋಲುವ ವಿಲ್ಲೋ ಮರ ವಸಂತದ ಗಾಳಿಗಾಗಿ ಜೋಪಾನವಾಗಿ ಕಾಯುತ್ತಿದೆ ಎಂದು ಅದರ ಅರ್ಥ. ಆ ವಾಕ್ಯ ಬರೆದು ಮುಗಿಸಲು ಚಕ್ರವರ್ತಿಗೂ 81 ದಿನ ಬೇಕಿತ್ತು.

ನೀವು ಹೂವಿನದ್ದೇ ಮಾಡಿ. ಬಣ್ಣ ಹಚ್ಚುವುದರಲ್ಲೂ ಒಂದು ಕ್ರಮ ಇದೆ. ಮೋಡ ಇದ್ದರೆ ಮೇಲ್ಭಾಗ, ಬಿಸಿಲಾದರೆ ಕೆಳಭಾಗ, ಗಾಳಿಗೆ ಎಡ, ಮಳೆಗೆ ಬಲ, ಹಿಮ ಬಿದ್ದರೆ ನಡುವೆ. ಅಂದರೆ ಅದು ಹವಾಮಾನದ ಡೈರಿಯೂ ಹೌದು. ನಿಮ್ಮದಕ್ಕೆ ಎರಡು ಸೇರಿಸಿ: ಎಸಳಿನ ಪಕ್ಕದಲ್ಲಿ ರಾತ್ರಿ ಎಷ್ಟು ಸಲ ಕೆಮ್ಮಿ ಎದ್ದಿರಿ ಎಂಬ ಸಂಖ್ಯೆ, ಇನ್ಹೇಲರ್ ತೆಗೆದುಕೊಂಡಿದ್ದರೆ ಒಂದು ಚುಕ್ಕೆ. ಪೀಕ್ ಫ್ಲೋ ಮೀಟರ್ ಅಂತ ಊದಿ ನೋಡುವ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಕೊಂಡರೆ ಅದರ ಅಂಕಿಯನ್ನೂ ಬರೆಯಿರಿ. ನನ್ನ ರೋಗಿಗಳಲ್ಲಿ ಕೆಲವರಿಗೆ ಇದನ್ನು ಮಾಡಿಸಿದ್ದೇನೆ. ಮೂರನೇ ಹೂವಿನ ಹೊತ್ತಿಗೆ ಏನಾದರೂ ಕಣ್ಣಿಗೆ ಬೀಳುತ್ತದೆ. ಒಬ್ಬರಿಗೆ ಚಳಿಗಿಂತ ಮಳೆಯ ದಿನಗಳಲ್ಲೇ ಕೆಮ್ಮು ಜಾಸ್ತಿ ಇತ್ತು. ಹುಡುಕಿದರೆ ಬೀರುವಿನ ಹಿಂದಿನ ಗೋಡೆಯಲ್ಲಿ ಬೂಸ್ಟು!

ಸೂಜೋದಲ್ಲಿ ಆ ಅನುಮಾನ ಇನ್ನೂ ಜಾಸ್ತಿ. ಉತ್ತರ ಚೀನಾದ ಹಾಗೆ ಅಲ್ಲಿ ಊರಿಗೆಲ್ಲ ಸರ್ಕಾರ ಕೊಡುವ ಬಿಸಿ ವ್ಯವಸ್ಥೆ ಇಲ್ಲ. ಮನೆ ಒಳಗೆ ತಂಪು, ತೇವ. ಜೂನ್‌ನಲ್ಲಿ, ಪ್ಲಮ್ ಹಣ್ಣು ಮಾಗುವ ಹೊತ್ತಿಗೆ, ‘ಪ್ಲಮ್ ಮಳೆ’ ಹಿಡಿದರೆ ಚಪ್ಪಲಿಗೂ ಬೂಸ್ಟು. ಬಿಸಿಲು ಬಿದ್ದ ದಿನ ಅಕ್ಕಪಕ್ಕದವರು ಹೊದಿಕೆಗಳನ್ನೆಲ್ಲ ಬಾಲ್ಕನಿಗೆ ಒಣಹಾಕುತ್ತಾರಲ್ಲ, ಅದನ್ನು ನೋಡಿ ನಗಬೇಡಿ, ನೀವೂ ಹಾಕಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಧೂಳಿನ ನುಸಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಚೀನೀಯರು ವರ್ಷವನ್ನು ಸೂರ್ಯನ ಚಲನೆಯ ಮೇಲೆ 24 ಭಾಗ ಮಾಡಿದ್ದಾರೆ. ಒಂದೊಂದೂ ಸುಮಾರು 15 ದಿನ. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮಗೆ ಇದು ಹೊಸದೇನಲ್ಲ. ರೋಹಿಣಿ ಮಳೆ, ಆರಿದ್ರಾ ಮಳೆ, ಮಘೆ ಮಳೆ ಎಂದು ನಮ್ಮ ರೈತರು ಎಣಿಸುವುದೂ ಸೂರ್ಯನ ಲೆಕ್ಕವೇ, 13-14 ದಿನಕ್ಕೊಂದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹೇಳುವ ರೈತ ಭರಣಿ ಬರುವವರೆಗೆ ಸುಮ್ಮನೆ ಕೂತಿರುವುದಿಲ್ಲ. ಗೊಬ್ಬರ ಹೊಡೆಯುತ್ತಾನೆ, ಬದು ಸರಿ ಮಾಡುತ್ತಾನೆ. ನಿಮ್ಮ ಜುಲೈಯನ್ನೂ ಹಾಗೇ ನೋಡಿ.

ಆ ಅಜ್ಜ ಕೊಟ್ಟ ಕಷಾಯದ ಪೊಟ್ಟಣದಲ್ಲಿ ಕಿತ್ತಳೆ ಸಿಪ್ಪೆಯಂಥದ್ದು ಇದ್ದರೆ ಅದು ಚೆನ್‌ಪಿ ಇರಬೇಕು. ಗ್ವಾಂಗ್‌ದೋಂಗ್ ಪ್ರಾಂತ್ಯದ ಷಿನ್‌ಹುಯಿಯದ್ದಕ್ಕೆ ಬಹಳ ಹೆಸರು. ಹಣ್ಣಿನ ಸಿಪ್ಪೆಯನ್ನು ಮೂರು ದಳವಾಗಿ ಬಿಡಿಸಿ, ಒಣಗಿಸಿ, ಕಡಿಮೆ ಅಂದರೆ ಮೂರು ವರ್ಷ ಇಡಬೇಕು. ಅಲ್ಲಿಯವರೆಗೆ ಅದು ಬರೀ ಸಿಪ್ಪೆ, ಆಮೇಲೇ ಚೆನ್‌ಪಿ. ಚೆನ್ ಎಂದರೆ ಹಳೆಯದು. ಕಫದ ಕೆಮ್ಮಿಗೆ ಅವರು ಕೊಡುವ ಒಂದು ಕಷಾಯದ ಹೆಸರೇ ‘ಅರ್‌ಚೆನ್’, ಅಂದರೆ ಎರಡು ಹಳೆಯವು. ಅದರ ಮುಖ್ಯ ಮದ್ದುಗಳೆರಡೂ ಹಳೆಯದಾದಷ್ಟೂ ಒಳ್ಳೆಯದು. ಜ್ವರ ಬಂದು ಬಾಯಿ ಕೆಟ್ಟಾಗ ಅಜ್ಜಿ ಮೂಲೆಯ ಭರಣಿಯಿಂದ ಕಪ್ಪಗಾದ ಹೇರಳೆಕಾಯಿ ಉಪ್ಪಿನಕಾಯಿ ತೆಗೆದುಕೊಡುತ್ತಿದ್ದರಲ್ಲ, ಅದೇ ಜಾತಿಯ ತಿಳಿವಳಿಕೆ.

ಮನೆಯಲ್ಲಿ ಪೇರ್‌ಹಣ್ಣಿನ ತಲೆ ಕೊಯ್ದು, ಬೀಜ ತೆಗೆದು, ಕಲ್ಲುಸಕ್ಕರೆ ತುಂಬಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ ತಿನ್ನಬಹುದು. ಗಂಟಲು ಒಣಗಿ ಬರುವ ಕೆಮ್ಮಿಗೆ ಹಿತ. ಬಿಳಿ ನೀರಿನಂಥ ಕಫ ಬರುತ್ತಿದ್ದರೆ ಪೇರ್ ಶೀತ ಎಂದು ಅವರೇ ಬೇಡ ಅನ್ನುತ್ತಾರೆ.

ಆದರೆ ಗಿಡಮೂಲಿಕೆ ಎಂದಕೂಡಲೇ ಅಪಾಯ ಇಲ್ಲ ಎಂದುಕೊಳ್ಳಬೇಡಿ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಒಂದು ಬೇರಿನ ಬದಲು, ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ಬಂದುಬಿಟ್ಟಿತ್ತು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷ ಇತ್ತು. ಕೆಮ್ಮಿನ ಕಷಾಯಗಳಿಗೆ ಕೆಲವೊಮ್ಮೆ ಹಾಕುವ ಮಾಹುವಾಂಗ್ ಎಂಬ ಮೂಲಿಕೆ ಬಿಪಿ, ಎದೆಬಡಿತ ಏರಿಸುತ್ತದೆ. ಆದ್ದರಿಂದ ನೋಂದಾಯಿತ ಆಸ್ಪತ್ರೆಯ ಔಷಧಾಲಯದಿಂದ ಮಾತ್ರ ತನ್ನಿ, ಚೀಟಿಯ ಫೋಟೊ ಇಟ್ಟುಕೊಳ್ಳಿ, ಎದೆ ಡಾಕ್ಟರಿಗೂ ಅದನ್ನು ತೋರಿಸಿ. ಆನ್‌ಲೈನ್‌ನಲ್ಲಿ ಕೊಂಡು ಊರಿಗೆ ಅತ್ತೆಯವರ ಮಂಡಿನೋವಿಗೆ ಕಳಿಸುವುದಂತೂ ಬೇಡವೇ ಬೇಡ.

ಹೂವಿನ ಹಾಳೆ ತುಂಬಿದ ಮೇಲೆ ಎಸೆಯಬೇಡಿ. ಜುಲೈಯಲ್ಲಿ ಅಜ್ಜನ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ, ಯಾವ ದಿನಗಳಲ್ಲಿ ಕೆಮ್ಮು ಏರುತ್ತದೆ ಎಂದು ಅವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಸುಲಭ. ಪಟ್ಟು ಹಾಕಿಸಿಕೊಂಡ ದಿನ ತಣ್ಣೀರಿನ ಸ್ನಾನ, ಐಸ್‌ಕ್ರೀಂ, ಎಸಿ ಗಾಳಿಗೆ ಬೆನ್ನು ಕೊಟ್ಟು ಕೂರುವುದು ಇವು ಬೇಡ ಅನ್ನುತ್ತಾರೆ. ಉರಿ ತಡೆಯಲಾಗದಿದ್ದರೆ ಹೇಳಿದ ಹೊತ್ತಿಗೂ ಮೊದಲೇ ಕಿತ್ತುಬಿಡಿ. ನಾಲ್ಕು ಗಂಟೆ ಅಂದರೆ ನಾಲ್ಕೇ ಗಂಟೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೇ ಮಲಗಿ.